ಪಾರ್ಲರಿಗೆ ಹೋಗುವ ಮೊದಲು, ಕೂತ ಮೇಲೆ, ಎದ್ದ ಮೇಲೆ: ದಾಕ್ಷಿಣ್ಯ ಬಿಟ್ಟು ಕೇಳಬೇಕಾದ್ದು

ಕೇರಳದ ಗಡಿಯ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಉಪ್ಪಳ ಕಡೆ ಯಾವ ಮದುವೆ ಮನೆಯಲ್ಲಿ ಹೆಂಗಸರ ಜೊತೆ ಕೂತ್ರೂ ಪಾರ್ಲರಿನ ಕತೆ ಒಂದಾದ್ರೂ ಸಿಗ್ತದೆ. ಒಬ್ಬಳಿಗೆ ಬ್ಲೀಚ್ ಹಾಕಿ ಕೆನ್ನೆ ಸುಟ್ಟದ್ದು, ಇನ್ನೊಬ್ಬಳಿಗೆ ಕೂದಲು ನೇರ ಮಾಡುವ ಸ್ಮೂತನಿಂಗ್ ಮಾಡಿಸಿ ಸ್ವಲ್ಪ ಸಮಯದಲ್ಲೇ ಕೂದಲು ನಡುವಲ್ಲಿ ತುಂಡಾಗ್ಲಿಕ್ಕೆ ಶುರುವಾದದ್ದು, ಮತ್ತೊಬ್ಬಳು ಬರೇ ಕ್ಲೀನಪ್ ಅಂತ ಕೂತು ಏಳುವಾಗ ಫೇಶಿಯಲ್, ಡಿ-ಟ್ಯಾನ್, ಹೇರ್ ಸ್ಪಾ ಎಲ್ಲದರ ಬಿಲ್ಲು ಕೊಟ್ಟದ್ದು. ಎಲ್ಲರೂ ಕೊನೆಗೆ ಹೇಳುದು ಒಂದೇ ಮಾತು, "ಅರ್ಧದಲ್ಲೇ ನಂಗೆ ಗೊತ್ತಾಗಿತ್ತು ಮಾರಾಯ್ತಿ, ಆದ್ರೆ ಹೇಗೆ ಹೇಳುದು ಅಂತ ಸುಮ್ಮನೆ ಕೂತೆ." ನಮ್ಮ ಊರಿನ ಸಮಸ್ಯೆ ಇದೇ. ಪಾರ್ಲರಿನವಳು ಅತ್ತಿಗೆಯ ಕ್ಲಾಸ್‌ಮೇಟ್ ಆಗಿರ್ತಾಳೆ, ಇಲ್ಲಾ ಪಕ್ಕದ ಮನೆಯವರ ಸೊಸೆ ಆಗಿರ್ತಾಳೆ, ಅವಳ ಮುಖ ನೋಡಿ ಬೇಡ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಮಂಗಳೂರಿನ ದೊಡ್ಡ ಸಲೂನಿಗೆ ಹೋದ್ರೆ ಅಲ್ಲಿ ಏಸಿ, ಕಪ್ಪು ಯೂನಿಫಾರ್ಮು, ಹಿಂದಿ ಮಾತು, ಅದನ್ನು ನೋಡಿಯೇ ಬಾಯಿ ಕಟ್ತದೆ. ಹಾಗಾಗಿ ಯಾವ ಫೇಶಿಯಲ್ ಒಳ್ಳೇದು ಅಂತ ನಾನಿಲ್ಲಿ ಹೇಳುದಿಲ್ಲ, ಯಾವ ಹಂತದಲ್ಲಿ ಎಂತ ಕೇಳ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅಷ್ಟೇ ಹೇಳ್ತೇನೆ.

ಮೊದಲು ದಿನ ನೋಡಿ

ಮದುವೆ, ಉಪನಯನ, ಗೃಹಪ್ರವೇಶ ಅಂತ ಇದ್ರೆ ಹಿಂದಿನ ದಿನ ಹೋಗುದು ಬೇಡವೇ ಬೇಡ. ಫೇಶಿಯಲ್ ಮಾಡಿಸಿದ ಮೇಲೆ ಕೆಲವರಿಗೆ ಎರಡು ಮೂರು ದಿನ ಬಿಟ್ಟು ಸಣ್ಣ ಸಣ್ಣ ಗುಳ್ಳೆ ಬರ್ತದೆ, ವ್ಯಾಕ್ಸ್ ಮಾಡಿದ ಕಡೆ ಕೆಂಪು ಚುಕ್ಕೆ ಬರ್ತದೆ, ಅದು ಇಳಿಲಿಕ್ಕೆ ಸಮಯ ಬೇಕಲ್ಲ. ಮುಂಚೆ ಮಾಡಿಸಿ ಅಭ್ಯಾಸ ಇರುವ ಐಬ್ರೋ, ವ್ಯಾಕ್ಸ್ ಎಲ್ಲ ಮೂರು ನಾಲ್ಕು ದಿನ ಮೊದಲು ಸಾಕು. ಫೇಶಿಯಲ್ ಆದ್ರೆ ಒಂದು ವಾರಕ್ಕಿಂತ ಮೊದಲೇ ಆಗಿರ್ಲಿ. ಇದುವರೆಗೆ ಮಾಡಿಸದ ಯಾವುದೇ ಹೊಸ ಟ್ರೀಟ್‌ಮೆಂಟ್ ಆದ್ರೆ ಒಂದು ತಿಂಗಳು ಮೊದಲೇ ಒಂದು ಸಲ ಮಾಡಿಸಿ ನೋಡಿ.

ಪ್ರಯೋಗ ಮಾಡ್ಲಿಕ್ಕೆ ಒಳ್ಳೇ ಸಮಯ ನಮ್ಮ ಆಟಿ ತಿಂಗಳು, ಅಂದ್ರೆ ಜುಲೈ-ಆಗಸ್ಟಿನ ಮಳೆಗಾಲ. ಮದುವೆ ಇಲ್ಲ, ಪಾರ್ಲರ್ ಖಾಲಿ, ಅವರಿಗೂ ಗಡಿಬಿಡಿ ಇಲ್ಲ, ರೇಟಿನಲ್ಲೂ ಸ್ವಲ್ಪ ಬಿಡ್ತಾರೆ. ಆದ್ರೆ ಸ್ಮೂತನಿಂಗ್ ಮಾತ್ರ ಆಟಿಯಲ್ಲಿ ಮಾಡಿಸ್ಬೇಡಿ, ಯಾಕಂದ್ರೆ ಮಾಡಿಸಿದ ಮೇಲೆ ಎರಡು ಮೂರು ದಿನ ತಲೆ ಒದ್ದೆ ಆಗ್ಬಾರ್ದು ಅಂತ ಅವರೇ ಹೇಳ್ತಾರೆ, ಕಾಸರಗೋಡಿಂದ ಮುಳ್ಳೇರಿಯಾಕ್ಕೆ ಆ ಮಳೆಯಲ್ಲಿ ಬಸ್ಸು ಹತ್ತಿ ಇಳಿದು ಮನೆಗೆ ನಡ್ಕೊಂಡು ಹೋಗುವಾಗ ಯಾವ ಕೊಡೆ ಕಾಪಾಡ್ತದೆ ಹೇಳಿ.

ಫೋನಲ್ಲೇ ಮುಗಿಸಬೇಕಾದ ಮಾತು

ಹೋಗಿ ಕೂತ ಮೇಲೆ ರೇಟು ಕೇಳ್ಲಿಕ್ಕೆ ಎಲ್ಲರಿಗೂ ನಾಚಿಕೆ. ಫೋನಲ್ಲಿ, ಇಲ್ಲಾ ವಾಟ್ಸಾಪಲ್ಲಿ ಕೇಳಿದ್ರೆ ನಾಚಿಕೆಯೂ ಇಲ್ಲ, ಮತ್ತೆ ದಾಖಲೆಯೂ ಉಳಿತದೆ. ವಾಟ್ಸಾಪೇ ಒಳ್ಳೇದು. ಮೂರು ವಿಷಯ ಕೇಳಿ. ನನ್ನ ಕೂದಲು ಇಷ್ಟು ಉದ್ದ ಉಂಟು ಅಂತ ಹಿಂದಿಂದ ತೆಗೆದ ಫೋಟೊ ಕಳಿಸಿ ಎಲ್ಲ ಸೇರಿ ಎಷ್ಟಾಗ್ತದೆ ಅಂತ (ಬೋರ್ಡಲ್ಲಿ ಹಾಕಿದ್ದು ಯಾವಾಗ್ಲೂ ಭುಜದವರೆಗಿನ ಕೂದಲಿನ ರೇಟು, ನಮ್ಮವರದ್ದು ಸೊಂಟದವರೆಗೆ ಇರ್ತದೆ, ಜಗಳ ಅಲ್ಲೇ ಶುರು). ಯಾವ ಬ್ರಾಂಡಿನದ್ದು ಹಾಕ್ತೀರಿ ಅಂತ. ಮತ್ತೆ ಯಾರು ಮಾಡುದು ಅಂತ, ಅದು ಮುಖ್ಯ. ಹೆಸರಿರುವ ಅಕ್ಕನನ್ನು ನಂಬಿ ಹೋದ್ರೆ ಅವರು ಯಾವುದೋ ಮದುಮಗಳ ಮನೆಗೆ ಹೋಗಿರ್ತಾರೆ, ಇಲ್ಲಿ ಕೆಲಸ ಕಲೀಲಿಕ್ಕೆ ಬಂದ ಹುಡುಗಿ ನಿಮ್ಮ ತಲೆ ಮೇಲೆ ಕಲೀತಾ ಇರ್ತಾಳೆ. ಆ ಹುಡುಗಿ ಕೈಯಲ್ಲಿ ಪೆಡಿಕ್ಯೂರ್ ಮಾಡಿಸ್ಬಹುದು, ಪರವಾಗಿಲ್ಲ, ಕೆಮಿಕಲ್ ಹಾಕುವ ಯಾವುದನ್ನೂ ಮಾಡಿಸ್ಬೇಡಿ.

ನಿಮ್ಮ ಕಡೆಯಿಂದ ಹೇಳಬೇಕಾದ್ದೂ ಉಂಟು, ಇದನ್ನು ಹೆಚ್ಚಿನವರು ಮುಚ್ಚಿಡ್ತಾರೆ. ಮೊಡವೆಗೆ ಡಾಕ್ಟರ್ ಕೊಟ್ಟ ಟ್ರೆಟಿನಾಯಿನ್, ಅಡಾಪಲೀನ್ ಹಾಗಿನ ಕ್ರೀಮ್ ಹಚ್ತಾ ಇದ್ರೆ, ಇಲ್ಲಾ ಐಸೊಟ್ರೆಟಿನಾಯಿನ್ ಮಾತ್ರೆ ತಗೊಳ್ತಾ ಇದ್ರೆ ಮುಖಕ್ಕೆ ವ್ಯಾಕ್ಸ್ ಹಾಕಿಸ್ಲೇಬಾರ್ದು, ಚರ್ಮ ತೆಳು ಆಗಿರ್ತದೆ, ಪಟ್ಟಿ ಎಳೆಯುವಾಗ ಸಿಪ್ಪೆಯೇ ಎದ್ದು ಬರ್ತದೆ. ತಲೆಗೆ ಮನೆಯಲ್ಲಿ ಮದರಂಗಿ ಪುಡಿ ಹಚ್ಚುವವರು ಅದನ್ನೂ ಹೇಳಿ. ಪ್ಯಾಕೆಟಿನ ಕೆಲವು ಪುಡಿಗಳಲ್ಲಿ ಲೋಹದ ಉಪ್ಪು ಬೆರೆಸಿರ್ತಾರೆ, ಅದರ ಮೇಲೆ ಪಾರ್ಲರಿನ ಡೈಯಲ್ಲಿರುವ ಪೆರಾಕ್ಸೈಡ್ ಬಿದ್ರೆ ಕೂದಲು ಬಿಸಿಯಾಗಿ ಹಾಳಾಗ್ತದೆ. ಬಸುರಿ ಆಗಿದ್ರೆ, ಮಗುವಿಗೆ ಹಾಲು ಕೊಡ್ತಾ ಇದ್ರೆ ಸ್ಟ್ರೈಟನಿಂಗ್ ವಿಷಯ ಸದ್ಯಕ್ಕೆ ಮರೆತುಬಿಡಿ.

ಪ್ಯಾಚ್ ಟೆಸ್ಟ್: ಇದೊಂದಕ್ಕೆ ಹಟ ಹಿಡೀರಿ

ತಲೆಗೆ ಹಾಕುವ ಕಪ್ಪು ಡೈಯಲ್ಲಿ ಪಿಪಿಡಿ ಅಂತ ಒಂದು ಕೆಮಿಕಲ್ ಇರ್ತದೆ. ವರ್ಷಗಟ್ಟಲೆ ಹಾಕಿದ್ರೂ ಎಂತ ಆಗದವರಿಗೆ ಒಂದು ದಿನ ಇದ್ದಕ್ಕಿದ್ದ ಹಾಗೆ ಅಲರ್ಜಿ ಆಗ್ಬಹುದು, ನನ್ನ ಚಿಕ್ಕಮ್ಮನಿಗೆ ಹಾಗೇ ಆದದ್ದು. ಸಂಜೆ ಡೈ ಹಾಕಿಸಿ ಬಂದ್ರು, ಮರುದಿನ ಹಣೆ ತುರಿಕೆ, ಅದರ ಮರುದಿನ ಬೆಳಿಗ್ಗೆ ಕಣ್ಣು ಬಿಡ್ಲಿಕ್ಕೇ ಆಗದ ಹಾಗೆ ಮುಖ ಊದಿತ್ತು. "ಇಷ್ಟು ವರ್ಷ ಹಾಕಿದ್ದೇನೆ, ಡೈಯಿಂದ ಅಲ್ಲ, ನಿನ್ನೆ ತಿಂದ ಸಿಗಡಿಯಿಂದ" ಅಂತ ಅವರ ವಾದ. ಚರ್ಮದ ಡಾಕ್ಟರ್ ಒಂದೇ ನೋಟಕ್ಕೆ ಡೈ ಅಂದ್ರು. ಒಂದು ಸಲ ಹೀಗೆ ಆದವರು ಮತ್ತೆ ಯಾವತ್ತೂ ಪಿಪಿಡಿ ಇರುವ ಡೈ ಮುಟ್ಟಬಾರ್ದು, ಎರಡನೇ ಸಲ ಇದಕ್ಕಿಂತ ಜೋರಾಗಿ ಬರ್ತದೆ.

ಪ್ಯಾಚ್ ಟೆಸ್ಟ್ ಮಾಡುದು ಹೇಗೆ ಅಂದ್ರೆ, ಅವರು ಹಾಕುವ ಅದೇ ಡೈ, ಅದಕ್ಕೆ ಬೆರೆಸುವ ಅದೇ ಡೆವಲಪರ್ ಸೇರಿಸಿ, ಕಿವಿಯ ಹಿಂದೆ ಇಲ್ಲಾ ಮೊಣಕೈ ಒಳಮಗ್ಗುಲಲ್ಲಿ ಒಂದು ಬೊಟ್ಟಿನಷ್ಟು ಹಚ್ಚಿಸ್ಕೊಂಡು ತುರಿಕೆ, ಊತ ಬರ್ತದಾ ಅಂತ 48 ಗಂಟೆ ಕಾದು ನೋಡುದು. ಪೆಟ್ಟಿಗೆಯ ಮೇಲೂ ಇದನ್ನೇ ಬರೆದಿರ್ತಾರೆ, ಜೊತೆಗೆ ಹುಬ್ಬಿಗೆ ರೆಪ್ಪೆಗೆ ಹಾಕಬೇಡಿ ಅಂತಲೂ ಇರ್ತದೆ, ಆದ್ರೂ "ಅಕ್ಕ, ಹುಬ್ಬಿಗೂ ಸ್ವಲ್ಪ ಹಚ್ಚಿ" ಅಂತ ಕೇಳುವವರು ನಮ್ಮಲ್ಲೇ ಇದ್ದಾರೆ! ಎರಡು ದಿನ ಮೊದಲು ಬರೇ ಬೊಟ್ಟು ಇಡಿಸ್ಲಿಕ್ಕೆ ಹೋಗುದು ಕಿರಿಕಿರಿ ಹೌದು. ಪೇಟೆಗೆ ತರಕಾರಿಗೆ ಹೋದ ದಿನ ಹಾಗೇ ಹೊಕ್ಕು ಬಂದ್ರೆ ಆಯ್ತು. "ನಮ್ಮಲ್ಲಿ ಯಾರಿಗೂ ಇದುವರೆಗೆ ಎಂತ ಆಗಿಲ್ಲ" ಅಂತ ನಗಾಡುವ ಪಾರ್ಲರಾದ್ರೆ ಡೈ ಅಲ್ಲಿ ಹಾಕಿಸ್ಬೇಡಿ.

ಮದರಂಗಿ ಶಾಸ್ತ್ರಕ್ಕೆ ತರುವ ಕೋನಿಗೂ ಇದೇ ಮಾತು. ಮದರಂಗಿ ಸೊಪ್ಪು ಅರೆದು ಹಚ್ಚಿದ್ರೆ ಬಣ್ಣ ಕಿತ್ತಳೆಯಿಂದ ಕಡು ಕೆಂಪು, ಕಂದು ಅಷ್ಟೇ ಬರುದು, ಅದೂ ಮರುದಿನಕ್ಕೆ. ಹತ್ತು ನಿಮಿಷದಲ್ಲಿ ಕರೀ ಬಣ್ಣ ಕೊಡುವ ಕೋನಲ್ಲಿ ಬೇರೆ ಎಂತದೋ ಉಂಟು ಅಂತಲೇ ಲೆಕ್ಕ, ಹೆಚ್ಚಾಗಿ ಅದೇ ಪಿಪಿಡಿ. ಕೈಯಲ್ಲಿ ಬಳ್ಳಿಯ ಆಕಾರದಲ್ಲೇ ಬೊಬ್ಬೆ ಎದ್ದ ಮದುಮಗಳ ಫೋಟೊ ನೋಡಿದ್ರೆ ನಿಮಗೆ ಆ ಕೋನ್ ಮುಟ್ಲಿಕ್ಕೂ ಮನಸ್ಸು ಬರ್ಲಿಕ್ಕಿಲ್ಲ.

ಸ್ಮೂತನಿಂಗ್, ಕೆರಾಟಿನ್: ಎರಡೂ ಒಂದಲ್ಲ

ಪಾರ್ಲರಿನವರೇ ಒಂದರ ಹೆಸರಲ್ಲಿ ಇನ್ನೊಂದು ಮಾರ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೇನೆ. ಸ್ಮೂತನಿಂಗ್, ಸ್ಟ್ರೈಟನಿಂಗ್, ರೀಬಾಂಡಿಂಗ್ ಅಂತ ಹೇಳುದರಲ್ಲಿ ಹೆಚ್ಚಾಗಿ ಥಯೋಗ್ಲೈಕೊಲೇಟ್ ಕ್ರೀಮ್ ಹಾಕಿ ಕೂದಲಿನ ಒಳಗಿನ ಗಂಧಕದ ಕೊಂಡಿಗಳನ್ನು ಬಿಡಿಸ್ತಾರೆ, ತೊಳೆದು ಒಣಗಿಸಿ ಐರನ್ ಎಳೀತಾರೆ, ಮತ್ತೆ ನ್ಯೂಟ್ರಲೈಸರ್ ಹಾಕಿ ಆ ಕೊಂಡಿಗಳನ್ನು ನೇರ ಆಕಾರದಲ್ಲೇ ಕೂಡಿಸ್ತಾರೆ. ಒಮ್ಮೆ ನೇರ ಆದದ್ದು ನೇರವೇ, ಬುಡದಲ್ಲಿ ಹೊಸ ಕೂದಲು ಮಾತ್ರ ಗುಂಗುರಾಗಿ ಬರ್ತದೆ. ಉದ್ದ ಕೂದಲಿಗೆ ನಾಲ್ಕೈದು ಗಂಟೆ ಆರಾಮಲ್ಲಿ ಬೇಕು, ಸಂಜೆ ನಾಲ್ಕಕ್ಕೆ ಬನ್ನಿ ಅಂದ್ರೆ ಒಪ್ಪಬೇಡಿ, ಕೊನೆಯ ಬಸ್ಸಿನ ಗಡಿಬಿಡಿಯಲ್ಲಿ ಅವರು ನ್ಯೂಟ್ರಲೈಸರಿನ ಸಮಯ ಕಡಿಮೆ ಮಾಡ್ತಾರೆ, ಅಲ್ಲೇ ಕೂದಲು ಹಾಳಾಗುದು.

ಕೂತಲ್ಲಿಂದ ಕನ್ನಡಿಯಲ್ಲಿ ನೋಡ್ತಾ ಇರಿ. ಕ್ರೀಮ್ ಬುಡಕ್ಕೆ ತಾಗಬಾರ್ದು, ಅರ್ಧ ಇಂಚು ಬಿಟ್ಟು ಶುರು ಮಾಡ್ಬೇಕು. ಹಾಕಿ ಸ್ವಲ್ಪ ಹೊತ್ತಾದ ಮೇಲೆ ಗೊತ್ತಿರುವವಳು ಒಂದೆರಡು ಎಳೆ ತೆಗೆದು ಕ್ರೀಮ್ ಒರೆಸಿ ಬೆರಳಿಗೆ ಸುತ್ತಿ ಇಲ್ಲಾ ಮೆಲ್ಲ ಎಳೆದು ನೋಡ್ತಾಳೆ, ಹೀಗೆ ಆಗಾಗ ನೋಡ್ತಾನೇ ಇರ್ತಾಳೆ. ಗೊತ್ತಿಲ್ಲದವಳು ಅರ್ಧ ಗಂಟೆಗೆ ಮೊಬೈಲಲ್ಲಿ ಅಲಾರಂ ಇಟ್ಟು ರೀಲ್ಸ್ ನೋಡ್ಲಿಕ್ಕೆ ಹೋಗ್ತಾಳೆ. ಯಾರೂ ಬಂದು ನೋಡದಿದ್ರೆ ನೀವೇ ಕರೀರಿ. ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡ್ಬಹುದು, ಒದ್ದೆ ಕೂದಲಿನ ಒಂದು ಎಳೆ ಮೆಲ್ಲ ಎಳೀರಿ, ಸ್ವಲ್ಪ ಉದ್ದ ಆಗಿ ವಾಪಾಸ್ ಬಂದ್ರೆ ಗಟ್ಟಿ ಉಂಟು, ಎಳೆದಷ್ಟೂ ಎಳೆದು ಹಾಗೇ ತುಂಡಾದ್ರೆ ಆ ಕೂದಲು ಇನ್ನೊಂದು ಕೆಮಿಕಲ್ ತಾಳುದಿಲ್ಲ. ಮೊದಲೇ ಮಾಡಿಸಿದ ಉದ್ದದ ಮೇಲೆ ಇನ್ನೊಮ್ಮೆ ಕ್ರೀಮ್ ಹಾಕಿಸ್ಬೇಡಿ, ಬುಡದ ಹೊಸ ಕೂದಲಿಗೆ ಮಾತ್ರ ಟಚಪ್ ಅಂತ ಗಟ್ಟಿಯಾಗಿ ಹೇಳಿ. ಮತ್ತೆ ಹಿಂದಿನ ದಿನ ತಲೆಗೆ ತೆಂಗಿನೆಣ್ಣೆ ಹಾಕಿ ಹೋಗ್ಬೇಡಿ, ಅದನ್ನು ತೆಗೀಲಿಕ್ಕೇ ಎರಡು ಸಲ ಶಾಂಪೂ ಹಾಕ್ತಾರೆ.

ಕೆರಾಟಿನ್ ಕತೆ ಬೇರೆ. ಅದು ಕೂದಲಿನ ಮೇಲೊಂದು ಪದರ ಕೊಟ್ಟು ಕೆಲವು ತಿಂಗಳಲ್ಲಿ ಇಳಿದು ಹೋಗುವಂಥದ್ದು. ಹೆಸರು ಕೇಳ್ಲಿಕ್ಕೆ ಆರೋಗ್ಯದ ಹಾಗೆ ಉಂಟು, ಆದ್ರೆ ಹಲವು ಕೆರಾಟಿನ್ ದ್ರಾವಣ ಐರನ್ನಿನ ಬಿಸಿಗೆ ಫಾರ್ಮಾಲ್ಡಿಹೈಡ್ ಆವಿ ಬಿಡ್ತದೆ. 2018ರಲ್ಲಿ ಮೀನಿಗೆ ಫಾರ್ಮಾಲಿನ್ ಹಾಕ್ತಾರೆ ಅಂತ ಕೇರಳ ಇಡೀ ಗಲಾಟೆ ಆಗಿ ನಾವೆಲ್ಲ ಮೀನು ಬಿಟ್ಟು ಕೂತಿದ್ವಲ್ಲ, ಅದೇ ಸಾಮಾನು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಒಂದನೇ ಗುಂಪಲ್ಲಿ ಇಟ್ಟಿದೆ. ಐರನ್ ಎಳೆಯುವಾಗ ಹೊಗೆ ಎದ್ದು ಕಣ್ಣು ಉರಿದು ಮೂಗಲ್ಲಿ ನೀರು ಬಂದ್ರೆ ಅದು "ಎಲ್ಲರಿಗೂ ಆಗುದು" ಅಲ್ಲ. ಕಿಟಕಿ ತೆರೀಲಿಕ್ಕೆ ಹೇಳಿ, ತಡೀಲಿಕ್ಕೆ ಆಗದಿದ್ರೆ ಎದ್ದು ಹೊರಗೆ ಬನ್ನಿ. ಏಸಿ ಹಾಕಿ ಬಾಗಿಲು ಮುಚ್ಚಿದ ಸಣ್ಣ ರೂಮಲ್ಲಿ ಕೆರಾಟಿನ್ ಮಾಡಿಸ್ಲೇಬಾರ್ದು, ಅಲ್ಲಿ ದಿನಾ ನಿಂತು ಕೆಲಸ ಮಾಡುವ ಹುಡುಗಿಯರ ಗತಿ ಎಂತ ಅಂತಲೂ ಒಂದು ಸಲ ಯೋಚಿಸಿ. ಈಗ ಫಾರ್ಮಾಲ್ಡಿಹೈಡ್ ಇಲ್ಲ ಅಂತ ಹೇಳಿ ಗ್ಲೈಆಕ್ಸಿಲಿಕ್ ಆಸಿಡ್ ಇರುವಂಥದ್ದು ಮಾರ್ತಾರೆ. ಮೂರು ಸಲ ಅಂಥದ್ದು ಮಾಡಿಸಿ ಮೂರು ಸಲವೂ ಕಿಡ್ನಿಗೆ ಪೆಟ್ಟು ಬಿದ್ದ ಹುಡುಗಿಯೊಬ್ಬಳ ವಿಷಯವನ್ನು ಫ್ರಾನ್ಸಿನ ಡಾಕ್ಟರುಗಳು 2024ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ನನ್ನನ್ನು ಕೇಳಿದ್ರೆ ಕೆರಾಟಿನ್ ಬೇಡ, ಗುಂಗುರು ಕೂದಲು ಚಂದವೇ. ಮಾಡಿಸಿಯೇ ಸಿದ್ಧ ಅಂತ ಇದ್ರೆ ಬಾಟಲಿ ತಿರುಗಿಸಿ ಈ ಎರಡು ಹೆಸರು ಉಂಟಾ ಅಂತ ನೋಡಿ, ಫೋಟೊ ತೆಗೀರಿ.

ಕುರ್ಚಿಯಲ್ಲಿ ಕೂತ ಮೇಲೆ

ಐಬ್ರೋ ಮಾಡುವಾಗ ನೂಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುದು ನಮ್ಮಲ್ಲಿ ಎಲ್ಲ ಕಡೆ ಉಂಟು. ಹೊಸ ನೂಲು ನಿಮ್ಮೆದುರೇ ಎಳೆದು ತೆಗೀಬೇಕು, ಕುತ್ತಿಗೆಗೆ ಸುತ್ತಿಕೊಂಡು ಮಾಡ್ಲಿಕ್ಕೆ ಬರುವವರಿದ್ರೆ ಇನ್ನೂ ಒಳ್ಳೇದು. ವ್ಯಾಕ್ಸಲ್ಲಿ ಒಮ್ಮೆ ಮೈಗೆ ತಾಗಿಸಿದ ಚಾಕು ವಾಪಾಸ್ ಡಬ್ಬಿಗೆ ಹೋಗಬಾರ್ದು ಅಂತ ನಿಯಮ, ಪಾಲಿಸುವವರು ಕಡಿಮೆ. ಕಂಕುಳಕ್ಕಾದ್ರೂ ಬೇರೆ ಕಪ್ಪಲ್ಲಿ ಸ್ವಲ್ಪ ತೆಗೆದಿಡಿ ಅಂತ ಹೇಳಿ. ಪೆಡಿಕ್ಯೂರಿಗೆ ಹೋಗುವ ಹಿಂದಿನ ದಿನ ಕಾಲಿಗೆ ರೇಜರ್ ಹಾಕಬೇಡಿ, ಆ ಸಣ್ಣ ಗಾಯದಲ್ಲಿ ಟಬ್ಬಿನ ನೀರಿನ ಇನ್ಫೆಕ್ಷನ್ ಒಳಗೆ ಹೋಗ್ತದೆ. ಶುಗರ್ ಇರುವ ಅಮ್ಮಂದಿರ ಹಿಮ್ಮಡಿಗೆ ಬ್ಲೇಡ್ ತಾಗಿಸ್ಲಿಕ್ಕೆ ಬಿಡ್ಲೇಬೇಡಿ.

ಬ್ಲೀಚ್ ಹಾಕಿದ ಮೇಲೆ ಸ್ವಲ್ಪ ಚುರುಚುರು ಅನ್ನುದು ಇರ್ತದೆ. ಉರಿ ಏರ್ತಾ ಹೋದ್ರೆ ಸಮಯ ಮುಗಿಯುವವರೆಗೆ ಕಾಯುದು ಬೇಡ, ಅಲ್ಲೇ ತೊಳೀರಿ. ತುಂಬಾ ಸಾದಾ ನೀರಲ್ಲಿ ತೊಳೀಬೇಕು, ಐಸ್ ತುಂಡು ಉಜ್ಜುದು, ಲಿಂಬೆ, ಅರಶಿನ ಎಲ್ಲ ಬೇಡ. ಐಬ್ರೋ, ಅಪ್ಪರ್ ಲಿಪ್ ಮಾಡಿದ ದಿನವೇ ಅದರ ಮೇಲೆ ಬ್ಲೀಚ್ ಹಾಕಿಸ್ಲೂಬಾರ್ದು. ಕಾಸರಗೋಡು ಪೇಟೆಯಲ್ಲಿ ಮಲಯಾಳಂ ಮಾತ್ರ ಬರುವ ಹುಡುಗಿಯರು ಸಿಕ್ಕಿದ್ರೆ "ಚೇಚೀ, ಪೊಳ್ಳುನ್ನುಂಡ್, ಕಳುಗಣಂ" (ಅಕ್ಕಾ, ಉರೀತಾ ಉಂಟು, ತೊಳೀಬೇಕು) ಅಂದ್ರೆ ಸಾಕು, ಓಡಿ ಬರ್ತಾರೆ. ಹಿಂದಿಯವರಾದ್ರೆ "ಜಲ್ ರಹಾ ಹೈ". ಭಾಷೆ ಬಾರದಿದ್ರೆ ಕೈ ಎತ್ತಿ ಸಿಂಕ್ ತೋರಿಸಿ.

ತಲೆ ತೊಳೆಯುವ ಸಿಂಕಿನ ಅಂಚಿಗೆ ಕುತ್ತಿಗೆ ಕೊಟ್ಟು ಹಿಂದೆ ಬಾಗಿ ಬಹಳ ಹೊತ್ತು ಕೂರುದು ಸಹ ಅಪಾಯ. ಕುತ್ತಿಗೆಯ ರಕ್ತನಾಳ ಒತ್ತಿ ಸ್ಟ್ರೋಕ್ ಆದವರ ಬಗ್ಗೆ 1993ರಲ್ಲೇ ಅಮೆರಿಕದ ಡಾಕ್ಟರೊಬ್ಬರು ಬರೆದಿದ್ರು, 2022ರಲ್ಲಿ ಹೈದರಾಬಾದಿನ ಒಬ್ಬ ಹೆಂಗಸಿಗೆ ಹೀಗಾದದ್ದು ಸುದ್ದಿಯಲ್ಲಿ ಬಂದಿತ್ತು. ಅಪರೂಪ ಹೌದು. ಆದ್ರೂ ಕುತ್ತಿಗೆ ಅಡಿಗೆ ಟವೆಲ್ ಮಡಚಿ ಇಡಿಸ್ಕೊಳ್ಳಿ, ತಲೆ ತಿರುಗಿದ ಹಾಗೆ ಆದ್ರೆ ತಕ್ಷಣ ನೇರ ಕೂರಿ. ಬಿಪಿ ಇರುವ ಅತ್ತೆಯಂದಿರಿಗೆ ಇದನ್ನು ಹೇಳಿಯೇ ಕರ್ಕೊಂಡು ಹೋಗಿ.

ಬಿಳಿ ಮಾಡುವ ಕ್ರೀಮ್ ಕೊಟ್ಟರೆ

ಫೇಶಿಯಲ್ ಮುಗಿಸಿ ಹಣ ಕೊಡುವಾಗ ಕೆಲವು ಕಡೆ ಕೌಂಟರಿನ ಕೆಳಗಿಂದ ಒಂದು ಸಣ್ಣ ಡಬ್ಬಿ ಬರ್ತದೆ. "ಇದು ಸ್ಪೆಷಲ್, ಒಂದು ವಾರದಲ್ಲಿ ಬಿಳಿ ಆಗ್ತೀರಿ." ನಮ್ಮ ಜಿಲ್ಲೆಯಲ್ಲಿ ಇಂಥದ್ದು ಗಲ್ಫಿಂದ ಬಂದವರ ಬ್ಯಾಗಲ್ಲೂ ಬರ್ತದೆ. ಡಬ್ಬಿಯಲ್ಲಿ ತಯಾರಕರ ವಿಳಾಸ ಇಲ್ಲ, ಬ್ಯಾಚ್ ನಂಬ್ರ ಇಲ್ಲ, ವಿದೇಶದ್ದಾದ್ರೆ ಆಮದು ನೋಂದಣಿ ನಂಬ್ರ ಇಲ್ಲ ಅಂತಾದ್ರೆ ಮುಟ್ಟಬೇಡಿ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಕಿಡ್ನಿ ಡಾಕ್ಟರುಗಳು 2021ರಿಂದ 2023ರವರೆಗೆ ಬಂದ ಒಂದು ಜಾತಿಯ ಕಿಡ್ನಿ ಕಾಯಿಲೆಯ 22 ಜನರನ್ನು ನೋಡಿದ್ರು, ಅವರಲ್ಲಿ 13 ಜನ ಬಿಳಿ ಮಾಡುವ ಕ್ರೀಮ್ ಹಚ್ಚುವವರು. ಕಾರಣ ಪಾದರಸ. ಪಾದರಸ ಬಣ್ಣ ಕೊಡುವ ಮೆಲನಿನ್ ತಯಾರಾಗುದನ್ನೇ ತಡೀತದೆ, ಹಾಗಾಗಿ ಬೇಗ ಬಿಳಿ ಆಗುದೂ ನಿಜ, ಜನ ನಂಬುದು ಅದಕ್ಕೇ, ಆದ್ರೆ ಅದು ಚರ್ಮದ ಮೂಲಕ ರಕ್ತಕ್ಕೆ ಹೋಗ್ತದೆ. ಕೇರಳದ ಡ್ರಗ್ಸ್ ಕಂಟ್ರೋಲ್ ಇಲಾಖೆ 2023ರಿಂದ ಆಪರೇಷನ್ ಸೌಂದರ್ಯ ಅಂತ ಹೇಳಿ ಅಂಗಡಿಗಳಲ್ಲಿ ಇಂಥದ್ದನ್ನೇ ಹುಡುಕಿ ಹಿಡಿದದ್ದು. ಈಗಾಗ್ಲೇ ಹಚ್ತಾ ಇದ್ದು ಕಾಲು ಊದ್ತಾ ಇದ್ರೆ, ಮೂತ್ರದಲ್ಲಿ ನೊರೆ ಬರ್ತಾ ಇದ್ರೆ ಕ್ರೀಮಿನ ಡಬ್ಬಿಯನ್ನೇ ಹಿಡ್ಕೊಂಡು ಡಾಕ್ಟರ ಹತ್ರ ಹೋಗಿ. ಬಿಳಿ ಆಗ್ಲಿಕ್ಕೆ ಇಂಜೆಕ್ಷನ್ ಕೊಡ್ತೇವೆ ಅಂತ ಪಾರ್ಲರಿನವರು ಹೇಳಿದ್ರೆ ಚಪ್ಪಲಿ ಹಾಕ್ಕೊಂಡು ಹೊರಡಿ, ಅಷ್ಟೇ.

ಬಿಲ್ಲು

ಮಧ್ಯದಲ್ಲಿ "ಅಕ್ಕ, ಸ್ಕಿನ್ ತುಂಬಾ ಡ್ರೈ ಉಂಟು, ಇದೊಂದು ಹಾಕ್ಲಾ" ಅಂತ ಕೇಳಿದಾಗ ಕಣ್ಣ ಮೇಲೆ ಸೌತೆಕಾಯಿ ಇಟ್ಕೊಂಡು ಹೂಂ ಅಂದದ್ದೇ ಬಿಲ್ಲು ಏರ್ಲಿಕ್ಕೆ ಕಾರಣ. "ಅದಕ್ಕೆ ಎಷ್ಟು?" ಅಂತ ಕೇಳುವ ಅಭ್ಯಾಸ ಮಾಡ್ಕೊಳ್ಳಿ, ಇಲ್ಲಾ "ಇವತ್ತು ಮಾತಾಡಿದ್ದಷ್ಟೇ ಸಾಕು" ಅನ್ನಿ. ಸಲೂನಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18 ಪರ್ಸೆಂಟಿಂದ 5ಕ್ಕೆ ಇಳಿದಿದೆ, ಈಗಲೂ ಹದಿನೆಂಟೇ ಹಾಕಿದ್ರೆ ತೋರಿಸಿ ಕೇಳಿ. ಬಿಲ್ಲಲ್ಲಿ ಜಿಎಸ್‌ಟಿ ನಂಬ್ರವೇ ಇಲ್ಲದವರು ಜಿಎಸ್‌ಟಿ ತಗೊಳ್ಳುವ ಹಾಗೇ ಇಲ್ಲ. ಊರಿನ ಸಣ್ಣ ಪಾರ್ಲರಲ್ಲಿ ಪ್ರಿಂಟ್ ಬಿಲ್ಲು ಇರುದಿಲ್ಲ, ಆಗ ಗೂಗಲ್ ಪೇ ಮಾಡುವಾಗ ನೋಟಲ್ಲಿ ಎಂತ ಮಾಡಿಸಿದ್ದು ಅಂತ ಬರೀರಿ.

ಹಾಳಾಯ್ತು ಅಂತಾದ್ರೆ

ಮನೆಗೆ ಬಂದು ಅತ್ತು ತಲೆಗೆ ಎಣ್ಣೆ ತಿಕ್ಕುವ ಮೊದಲು ಫೋಟೊ ತೆಗೀರಿ, ಹಗಲು ಬೆಳಕಲ್ಲಿ, ಫಿಲ್ಟರ್ ಇಲ್ಲದೆ. ಸುಟ್ಟದ್ದು, ಊದಿದ್ದು ಇದ್ರೆ ಜನರಲ್ ಆಸ್ಪತ್ರೆಯ ಚರ್ಮದ ಒಪಿಗೆ ಆದ್ರೂ ಸರಿ, ಅದೇ ದಿನ ತೋರಿಸಿ, ಚೀಟಿಯಲ್ಲಿ ಎಂತರಿಂದ ಆದದ್ದು ಅಂತ ಬರೆಸಿ. ಉಸಿರಾಟ ಕಷ್ಟ ಆದ್ರೆ, ತುಟಿ ನಾಲಗೆ ಊದಿದ್ರೆ ಫೋಟೊ ಗೀಟೊ ಎಲ್ಲ ಬಿಟ್ಟು ಸೀದಾ ಎಮರ್ಜೆನ್ಸಿಗೆ. ಕಣ್ಣಿಗೆ ಬಿದ್ದದ್ದಾದ್ರೆ ಹದಿನೈದು ನಿಮಿಷ ನೀರು ಹರಿಸಿ ಆಮೇಲೆ ಆಸ್ಪತ್ರೆ.

ಮತ್ತೆ ಪಾರ್ಲರಿನವರಿಗೆ ವಾಟ್ಸಾಪಲ್ಲಿ ಬರೀರಿ, ಬೈಗುಳ ಇಲ್ಲದೆ, ಯಾವ ದಿನ, ಎಂತ ಮಾಡಿಸಿದ್ದು, ಎಂತ ಆಯ್ತು, ನಿಮಗೆ ಎಂತ ಬೇಕು. ಹಣ ವಾಪಾಸಾ, ಡಾಕ್ಟರ್ ಖರ್ಚಾ, ಅದನ್ನು ಬಿಡಿಸಿ ಹೇಳಿ. ಫ್ರೀಯಾಗಿ ಸರಿ ಮಾಡಿ ಕೊಡ್ತೇವೆ ಅಂದ್ರೆ ಕೆಮಿಕಲ್ ಮೇಲೆ ಇನ್ನೊಂದು ಕೆಮಿಕಲ್ ಹಾಕಿಸ್ಲಿಕ್ಕೆ ಹೋಗ್ಬೇಡಿ. ಪರಿಚಯದವರಿಗೆ ಹೀಗೆ ಬರೀಲಿಕ್ಕೆ ಮನಸ್ಸು ಬರುದಿಲ್ಲ, ನಂಗೊತ್ತು. ಆದ್ರೆ ನನ್ನ ಅನುಭವದಲ್ಲಿ ಊರಿನ ಪಾರ್ಲರಿನ ಅಕ್ಕಂದಿರು ಮುಖ ಕೊಟ್ಟು ಹೇಳಿದ್ರೆ ಸರಿ ಮಾಡ್ತಾರೆ, ಬೆನ್ನ ಹಿಂದೆ ಊರಿಡೀ ಹೇಳ್ಕೊಂಡು ತಿರುಗಿದ್ರೆ ಅವರಿಗೆ ಕೋಪ ಬರುದು.

ಉತ್ತರವೇ ಕೊಡದಿದ್ರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ. ಅಲ್ಲೂ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ, ಆದ ದಿನದಿಂದ ಎರಡು ವರ್ಷದೊಳಗೆ. ನೀವು ಕೊಟ್ಟ ಹಣ ಐದು ಲಕ್ಷದೊಳಗೆ ಇದ್ರೆ ಕೋರ್ಟ್ ಫೀ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಗಡಿಯಲ್ಲಿರುವ ನಮಗೆ ಒಂದು ಒಳ್ಳೇ ವಿಷಯ ಏನಂದ್ರೆ, 2019ರ ಕಾಯ್ದೆ ಪ್ರಕಾರ ದೂರು ಕೊಡುವವರು ಎಲ್ಲಿ ವಾಸ ಇದ್ದಾರೋ ಅಲ್ಲೇ ದೂರು ಹಾಕ್ಬಹುದು. ಹಾಳು ಮಾಡಿದ ಸಲೂನ್ ಮಂಗಳೂರಲ್ಲಿ ಇದ್ರೂ ಮಂಜೇಶ್ವರದವಳು ಕಾಸರಗೋಡಿನ ಆಯೋಗದಲ್ಲೇ ಕೇಸು ಹಾಕ್ಬಹುದು, ಗಡಿಯ ತಲಪಾಡಿ ದಾಟಿ ಓಡಾಡ್ಬೇಕಾಗಿಲ್ಲ. ಡೆಲ್ಲಿಯಲ್ಲಿ ಕೂದಲು ತಪ್ಪು ಕತ್ತರಿಸಿದ್ದಕ್ಕೆ ಎರಡು ಕೋಟಿ ಪರಿಹಾರ ಅಂತ 2021ರಲ್ಲಿ ಬಂದ ಸುದ್ದಿ ನೋಡಿ ಮಾತ್ರ ಲೆಕ್ಕ ಹಾಕ್ಬೇಡಿ, ಅಷ್ಟು ನಷ್ಟ ಆದದ್ದಕ್ಕೆ ದಾಖಲೆ ಎಲ್ಲಿ ಅಂತ ಕೇಳಿ ಸುಪ್ರೀಂ ಕೋರ್ಟ್ 2023ರಲ್ಲಿ ಆ ಆದೇಶ ಬದಿಗಿಟ್ಟು ಮತ್ತೆ ವಿಚಾರಣೆಗೆ ಕಳಿಸಿತ್ತು. ಕೊಟ್ಟ ಹಣ, ಡಾಕ್ಟರ್ ಬಿಲ್ಲು, ರಜೆ ಹಾಕಿ ಕಳಕೊಂಡ ಸಂಬಳ, ಹೀಗೆ ಕಾಗದ ಇರುವಂಥದ್ದನ್ನೇ ಕೇಳಿ. ಮತ್ತೆ ಸಲೂನಿನ ಆ ಹೊಳೆಯುವ ಕಾಗದದ ಬಿಲ್ಲಿನ ಅಕ್ಷರ ಕೆಲವು ತಿಂಗಳಲ್ಲಿ ಮಾಸಿ ಹೋಗ್ತದೆ, ಸಿಕ್ಕಿದ ದಿನವೇ ಅದರ ಫೋಟೊ ತೆಗೆದು ಯಾರಿಗಾದ್ರೂ ಒಬ್ಬರಿಗೆ ಕಳಿಸಿಡಿ.